ಗಡ್ಡೆ ಎಷ್ಟು ದೊಡ್ಡದು ಅಂತ ಕೇಳ್ತೀವಿ, ಉಳಿದ ಲಿವರ್ ಹೇಗಿದೆ ಅಂತ ಕೇಳ್ತೀವಾ?

ಮುಂಬೈಯಲ್ಲಿ ಇಪ್ಪತ್ತು ಮೂವತ್ತು ವರ್ಷ ಬೇರು ಬಿಟ್ಟ ಕನ್ನಡಿಗರ ಮನೆ ಅಂದ್ರೆ ಅದು ಮನೆಯೂ ಹೌದು, ಅರ್ಧ ಛತ್ರವೂ ಹೌದು. ಊರಿಂದ ಬರುವವರು ಒಂದೊಂದು ಕಾರಣಕ್ಕೆ ಬರ್ತಾರೆ. ಆದರೆ ನಮ್ಮ ಹಾಲ್‌ನಲ್ಲಿ ಅತಿ ಹೆಚ್ಚು ರಾತ್ರಿ ಮಲಗಿ ಎದ್ದವರು ಆಸ್ಪತ್ರೆ ಕೆಲಸಕ್ಕೆ ಬಂದವರೇ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಿಂದ ಇದೆ. ಅಂದಿನಿಂದ ಇಂದಿನವರೆಗೆ ವಿಜಯಪುರ, ಕಲಬುರಗಿ, ಬೆಳಗಾವಿ, ಉಡುಪಿ ಕಡೆಯಿಂದ ಫೈಲು ಹಿಡಿದು ಬಂದವರ ಲೆಕ್ಕ ಇಟ್ಟವರು ಯಾರು? ಪುಣೆ, ಹೈದರಾಬಾದ್, ಚೆನ್ನೈಯಲ್ಲಿರುವ ನಿಮ್ಮ ಮನೆಯ ಕಥೆಯೂ ಬೇರೆ ಇರಲಿಕ್ಕಿಲ್ಲ.

ಬಂದವರಿಗೆ ಹಾಸಿಗೆ, ಊಟ ಕೊಡೋದು ಸುಲಭದ ಕೆಲಸ. ಕಷ್ಟದ್ದು ಫೈಲು ಓದಿ ಹೇಳೋದು. "ನೀವು ಓದಿದವ್ರು, ನೋಡಿ ಹೇಳ್ರಿ" ಅಂತ ರಿಪೋರ್ಟು ಕೈಗಿಡ್ತಾರೆ. ನಾನು ಡಾಕ್ಟರಲ್ಲ. ಆದರೂ ಇಷ್ಟು ವರ್ಷ ಇಂಗ್ಲಿಷ್ ರಿಪೋರ್ಟನ್ನು ಕನ್ನಡದಲ್ಲಿ, ಆಸ್ಪತ್ರೆಯ ಹಿಂದಿಯನ್ನು ನಮ್ಮೂರ ಮಾತಿನಲ್ಲಿ ಹೇಳ್ತಾ ಹೇಳ್ತಾ ಒಂದು ವಿಷಯ ಮನಸ್ಸಲ್ಲಿ ಕೂತುಬಿಟ್ಟಿದೆ. ಲಿವರ್ ಕ್ಯಾನ್ಸರ್ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: ಗಡ್ಡೆ ಎಷ್ಟು ದೊಡ್ಡದು? ಸಣ್ಣದಾದ್ರೆ ಸಮಾಧಾನ, ದೊಡ್ಡದಾದ್ರೆ ಅಳು. ಗಡ್ಡೆ ಇಲ್ಲದ ಉಳಿದ ಲಿವರ್ ಹೇಗಿದೆ ಅಂತ ಕೇಳಿದವರನ್ನ ನಾನಂತೂ ನೋಡಿಲ್ಲ. ಆಪರೇಷನ್ ಆಗುತ್ತೋ ಇಲ್ಲವೋ ಅನ್ನೋದು ಎಷ್ಟೋ ಸಲ ನಿರ್ಧಾರ ಆಗೋದು ಆ ಎರಡನೇ ಪ್ರಶ್ನೆಯ ಉತ್ತರದ ಮೇಲೆ.

ಯಾಕೆ ಅಂತ ಸ್ವಲ್ಪ ನೋಡೋಣ. ಲಿವರ್ ಅಂದ್ರೆ ಶಾಲೆಯ ಪುಸ್ತಕದ ಯಕೃತ್ತು, ಪಿತ್ತಜನಕಾಂಗ. ಕತ್ತರಿಸಿದರೂ ಮತ್ತೆ ಬೆಳೆಯೋ ಅಂಗ ಅದು. ಆರೋಗ್ಯವಾಗಿದ್ದರೆ ಮುಕ್ಕಾಲು ಭಾಗದಷ್ಟು ತೆಗೆದರೂ ಉಳಿದ ಕಾಲು ಭಾಗ ಸಂಸಾರ ನಡೆಸುತ್ತೆ, ಕೆಲವು ವಾರ, ತಿಂಗಳುಗಳಲ್ಲಿ ಬೆಳೆದು ಬಹುಮಟ್ಟಿಗೆ ಹಳೇ ಗಾತ್ರಕ್ಕೆ ಬರುತ್ತೆ. ಮಗನಿಗೆ ಅಪ್ಪ, ಗಂಡನಿಗೆ ಹೆಂಡತಿ ಲಿವರಿನ ಅರ್ಧಕ್ಕಿಂತ ಹೆಚ್ಚು ಭಾಗ ದಾನ ಮಾಡಿ ಬದುಕಿ ಓಡಾಡಿಕೊಂಡಿರೋದು ಇದೇ ಗುಣದಿಂದ.

ಆದರೆ ಲಿವರ್ ಕ್ಯಾನ್ಸರ್ ಬರೋದು ಹೆಚ್ಚಾಗಿ ಆರೋಗ್ಯವಂತ ಲಿವರಿಗಲ್ಲ. ಹತ್ತಾರು ವರ್ಷ ಹೆಪಟೈಟಿಸ್ ಬಿ, ಇಲ್ಲವೇ ಸಿ ವೈರಸ್ಸು ಒಳಗೇ ಕೂತಿರುತ್ತೆ, ಇಲ್ಲಾ ಕುಡಿತ ಇರುತ್ತೆ, ಇಲ್ಲಾ ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ಬರುವ ಫ್ಯಾಟಿ ಲಿವರ್ ಇರುತ್ತೆ. ಗಾಯ, ಮಾಯೋದು, ಮತ್ತೆ ಗಾಯ. ಹೀಗೆ ಆಗ್ತಾ ಆಗ್ತಾ ಮೆತ್ತಗಿದ್ದ ಲಿವರಿನಲ್ಲಿ ನಾರು ತುಂಬಿಕೊಂಡು ಗಡಸಾಗುತ್ತೆ. ಅದರ ಕೊನೆಯ ಹಂತವೇ ಸಿರೋಸಿಸ್. ಇಂಥ ನೆಲದಲ್ಲಿ ಹುಟ್ಟಿದ ಗಡ್ಡೆಯನ್ನು ಕತ್ತರಿಸಿ ತೆಗೆದರೆ ಉಳಿದ ಭಾಗಕ್ಕೆ ಬೆಳೆಯೋ ಶಕ್ತಿ ಕಮ್ಮಿ. ಅದಕ್ಕೇ ಆರೋಗ್ಯವಂತ ಲಿವರಿನಲ್ಲಿ 20ರಿಂದ 25 ಶೇಕಡಾ ಉಳಿಸಿದರೆ ಸಾಕು ಅನ್ನೋ ಸರ್ಜನ್‌ಗಳು ಸಿರೋಸಿಸ್ ಇದ್ದಲ್ಲಿ 40 ಶೇಕಡಾ ಆದರೂ ಉಳೀಬೇಕು ಅಂತಾರೆ. ಲೆಕ್ಕ ತಪ್ಪಿದರೆ ಗಡ್ಡೆ ಹೋಗಿರುತ್ತೆ, ಹೊಲಿಗೆಯೂ ಚೆನ್ನಾಗಿರುತ್ತೆ, ಆದರೆ ವಾರ ಕಳೆಯೋದರೊಳಗೆ ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ, ಮಾತು ತೊದಲೋಕೆ ಶುರುವಾಗುತ್ತೆ. ಉಳಿದ ಲಿವರ್ ಕೈಚೆಲ್ಲಿದೆ ಅಂತ ಅದರ ಅರ್ಥ.

ಹಾಗಾದ್ರೆ ಹೊಟ್ಟೆ ತೆರೆಯೋ ಮೊದಲೇ ಉಳಿದ ಲಿವರ್ ಎಷ್ಟು ಗಡಸಾಗಿದೆ ಅಂತ ತಿಳಿಯೋದು ಹೇಗೆ? ಮೊದಲೆಲ್ಲಾ ಸೂಜಿ ಚುಚ್ಚಿ ಚೂರು ತೆಗೆದು ನೋಡೋ ಬಯಾಪ್ಸಿಯೇ ಗತಿ. ಅದರಲ್ಲಿ ಸಿಗೋದು ಇಡೀ ಲಿವರಿನ ಸುಮಾರು ಐವತ್ತು ಸಾವಿರದಲ್ಲೊಂದು ಪಾಲು. ಜೊತೆಗೆ ನೋವು, ರಕ್ತಸ್ರಾವದ ಭಯ. ಈಗ ಚುಚ್ಚದೆಯೇ ಗಡಸುತನ ಅಳೆಯೋ ದಾರಿಗಳಿವೆ. ಒಟ್ಟಾಗಿ ಎಲಾಸ್ಟೋಗ್ರಫಿ ಅಂತಾರೆ.

ಕಲ್ಲಂಗಡಿ ಕೊಳ್ಳುವಾಗ ತಟ್ಟಿ ನೋಡ್ತೀವಲ್ಲ, ಹತ್ತಿರತ್ತಿರ ಅದೇ ಬುದ್ಧಿ. ಹೆಚ್ಚು ಕಡೆ ಸಿಗೋದು ಫೈಬ್ರೋಸ್ಕ್ಯಾನ್. ಫ್ರಾನ್ಸಿನ ಎಕೋಸೆನ್ಸ್ ಕಂಪನಿಯ ಯಂತ್ರ ಇದು, 2003ರ ಹೊತ್ತಿಗೆ ಬಳಕೆಗೆ ಬಂತು. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ. ಬಲಗೈ ತಲೆಯ ಮೇಲಿಟ್ಟು ಮಲಗಿಸಿ, ಬಲಗಡೆ ಎರಡು ಪಕ್ಕೆಲುಬುಗಳ ನಡುವೆ ಒಂದು ಪ್ರೋಬ್ ಒತ್ತಿ ಹಿಡೀತಾರೆ. ಅದು ಚರ್ಮದ ಮೇಲೆ ಸಣ್ಣಗೆ ಒಮ್ಮೆ ಕುಟ್ಟುತ್ತೆ. ಆ ಕುಟ್ಟಿದ ಅಲೆ ಲಿವರಿನೊಳಗೆ ಎಷ್ಟು ವೇಗವಾಗಿ ಹೋಯ್ತು ಅಂತ ಅಲ್ಟ್ರಾಸೌಂಡ್ ಹಿಂದೆಯೇ ಹೋಗಿ ನೋಡುತ್ತೆ. ಮೆತ್ತಗಿರೋದರಲ್ಲಿ ಅಲೆ ನಿಧಾನ, ಗಡಸಾದದ್ದರಲ್ಲಿ ಜೋರು. ಸೆಕೆಂಡಿಗೆ 1 ಮೀಟರ್ ಓಡಿದರೆ ಗಡಸುತನ ಸುಮಾರು 3 ಕಿಲೋಪಾಸ್ಕಲ್. 2 ಮೀಟರ್ ಓಡಿದರೆ 6 ಅಲ್ಲ, 12. ವೇಗ ಎರಡರಷ್ಟಾದರೆ ಗಡಸುತನ ನಾಲ್ಕರಷ್ಟು! ಹೀಗೆ ಹತ್ತು ಸಲ ಅಳೆದು ನಡುವಿನ ಸಂಖ್ಯೆಯನ್ನು ರಿಪೋರ್ಟಿನಲ್ಲಿ ಬರೀತಾರೆ. ಹತ್ತು ನಿಮಿಷದ ಕೆಲಸ.

ಎಂ.ಆರ್.ಐ. ಯಂತ್ರದಲ್ಲೂ ಇದನ್ನು ಮಾಡಬಹುದು. ಪಕ್ಕೆಯ ಮೇಲೆ ಡಬ್ಬಿಯ ಮುಚ್ಚಳದಂಥ ಒಂದು ಸಾಧನ ಕಟ್ಟಿ ಅದುರಿಸ್ತಾರೆ, ಅಲೆಗಳ ಚಿತ್ರ ಎಂ.ಆರ್.ಐ.ನಲ್ಲಿ ಮೂಡುತ್ತೆ. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ರಿಚರ್ಡ್ ಎಹ್ಮನ್ ಅವರ ತಂಡ 1995ರಲ್ಲಿ ಇದರ ಬಗ್ಗೆ ಮೊದಲು ಪ್ರಕಟಿಸಿತು. ಇದು ಲಿವರಿನ ಬಹುಭಾಗದ ನಕ್ಷೆಯನ್ನೇ ಕೊಡುತ್ತೆ, ದಪ್ಪ ಮೈಯವರಲ್ಲೂ ಚೆನ್ನಾಗಿ ನಡೆಯುತ್ತೆ. ಖರ್ಚು ಮಾತ್ರ ಜಾಸ್ತಿ. ಮಾಮೂಲಿ ಅಲ್ಟ್ರಾಸೌಂಡ್ ಯಂತ್ರದಲ್ಲೇ ಬಣ್ಣದ ಚಿತ್ರದೊಂದಿಗೆ ಗಡಸುತನ ತೋರಿಸೋ ಮೂರನೇ ದಾರಿಯೂ ಇದೆ. ಒಂದು ಎಚ್ಚರಿಕೆ: ಫೈಬ್ರೋಸ್ಕ್ಯಾನಿನ ಸಂಖ್ಯೆ, ಎಂ.ಆರ್.ಐ. ಸಂಖ್ಯೆ ಎರಡಕ್ಕೂ ಕಿಲೋಪಾಸ್ಕಲ್ ಅಂತಲೇ ಬರೆದಿದ್ದರೂ ಅಳತೆಗೋಲು ಬೇರೆ ಬೇರೆ. ಎಂ.ಆರ್.ಐ.ನಲ್ಲಿ 5 ಅಂದ್ರೆ ಸಿರೋಸಿಸ್ ಬಾಗಿಲಲ್ಲಿದೆ ಅಂತ ಲೆಕ್ಕ. ಫೈಬ್ರೋಸ್ಕ್ಯಾನಿನಲ್ಲಿ 5 ಅಂದ್ರೆ ಆರಾಮ. ಎರಡನ್ನೂ ಪಕ್ಕಪಕ್ಕ ಇಟ್ಟು "ಕಮ್ಮಿಯಾಗಿದೆ" ಅಂತ ಖುಷಿಪಡೋ ಹಾಗಿಲ್ಲ.

ಇಷ್ಟೆಲ್ಲಾ ಪೀಠಿಕೆ ಯಾಕೆ ಹಾಕಿದೆ ಅಂದ್ರೆ, ನಮ್ಮ ಷಡ್ಡಕರ ಅಣ್ಣನ ವಿಷಯ ಹೇಳಬೇಕಿತ್ತು. ರೈತಾಪಿ ಮನುಷ್ಯ, ಒಂದು ದಿನ ಕುಡಿದವರಲ್ಲ. ರಕ್ತದಲ್ಲಿ ಹೆಪಟೈಟಿಸ್ ಬಿ ಇದೆ ಅಂತ ಗೊತ್ತಾಗಿದ್ದೇ ಗಡ್ಡೆ ಕಂಡ ಮೇಲೆ. ಗಡ್ಡೆ ಒಂದೇ, ನಾಲ್ಕೂವರೆ ಸೆಂಟಿಮೀಟರ್. ಆಸ್ಪತ್ರೆಯ ಹೆಸರು ಬೇಡ, ಅಲ್ಲಿ ಎಲ್ಲಾ ಪರೀಕ್ಷೆ ಮಾಡಿ ಕೊನೆಗೆ "ಆಪರೇಷನ್ ಆಗಲ್ಲ, ಬೇರೆ ಟ್ರೀಟ್‌ಮೆಂಟ್ ಕೊಡ್ತೀವಿ" ಅಂದರು. ಅಷ್ಟೇ. ಯಾಕೆ ಅಂತ ಇವರು ಕೇಳಲಿಲ್ಲ, ಅವರು ಹೇಳಲಿಲ್ಲ. ಅವರ ಮಗ ನಮ್ಮ ಮನೆಗೆ ಬಂದು ಕೂತವನೇ ಕೇಳಿದ: "ಕಾಕಾ, ಗಡ್ಡಿ ಸಣ್ಣದೈತಿ ಅಂತಾರ, ಮತ್ತ ತೆಗೀಲಿಕ್ಕೆ ಯಾಕ ಒಲ್ಲೆ ಅಂತಾರ? ರೊಕ್ಕ ಕಟ್ಟೂದಿಲ್ಲ ಅಂತ ಕೈ ಬಿಟ್ರೇನು?"

ಫೈಲಿನ ಮಧ್ಯದಲ್ಲಿ ಒಂದು ಹಾಳೆ ಇತ್ತು. ಫೈಬ್ರೋಸ್ಕ್ಯಾನ್, 28 ಕಿಲೋಪಾಸ್ಕಲ್. ಪ್ಲೇಟ್‌ಲೆಟ್ ಎಪ್ಪತ್ತು ಸಾವಿರದ ಆಸುಪಾಸು. ಪರಿಚಯದ ಡಾಕ್ಟರೊಬ್ಬರಿಗೆ ಫೋನು ಮಾಡಿ ಕೇಳಿದೆ. ಅವರು ಎರಡೇ ನಿಮಿಷದಲ್ಲಿ ಬಿಡಿಸಿ ಹೇಳಿದರು. ಮಾಮೂಲಿ ಲಿವರ್ 6ರ ಒಳಗಿರುತ್ತೆ, 12-13 ದಾಟಿದರೆ ಸಿರೋಸಿಸ್ ಅನುಮಾನ, 25 ದಾಟಿತು ಅಂದ್ರೆ ಲಿವರಿಗೆ ರಕ್ತ ತರೋ ಪೋರ್ಟಲ್ ರಕ್ತನಾಳದಲ್ಲಿ ಒತ್ತಡ ಏರಿದೆ ಅಂತಲೇ ಲೆಕ್ಕ. ಪ್ಲೇಟ್‌ಲೆಟ್ ಬಿದ್ದಿರೋದೂ ಅದನ್ನೇ ಹೇಳುತ್ತೆ. ಅಂಥ ಲಿವರಿಗೆ ಕತ್ತಿ ಹಾಕಿದರೆ ಗಡ್ಡೆಗಿಂತ ಮೊದಲು ಆಪರೇಷನ್ನೇ ಮನುಷ್ಯನನ್ನು ತಗೊಂಡು ಹೋಗಬಹುದು. ಅವರಿಗೆ ಕೊನೆಗೆ ರಕ್ತನಾಳದ ಮೂಲಕ ಗಡ್ಡೆಗೇ ಔಷಧಿ ಬಿಟ್ಟು ಅದರ ರಕ್ತ ನಿಲ್ಲಿಸೋ ಟೇಸ್ ಅನ್ನೋ ಚಿಕಿತ್ಸೆ ಆಯ್ತು. ಒಂದೂವರೆ ವರ್ಷ ಹೊಲಮನೆ ಅಂತ ಓಡಾಡಿಕೊಂಡಿದ್ದು ತೀರಿಕೊಂಡರು.

ಚಿಕಿತ್ಸೆಯ ನಿರ್ಧಾರ ಸರಿಯಾಗೇ ಇತ್ತು ಅಂತ ನನಗನಿಸುತ್ತೆ. ಆದರೆ ಆ ಮನೆಯಲ್ಲಿ ಇವತ್ತಿಗೂ ನಡೆಯೋ ಮಾತು ಬೇರೆ. "ಆ ಎರಡು ಎಕರೆ ಮಾರಿ ದೊಡ್ಡ ದವಾಖಾನಿಗೆ ಹೋಗಿದ್ರ ಅಪ್ಪ ಉಳೀತಿದ್ದ." ನಾನು ಎಷ್ಟು ಹೇಳಿದರೂ ಆ ಹುಡುಗನ ಮನಸ್ಸಿಂದ ಅದು ಹೋಗಿಲ್ಲ. ಊರಿನವನೊಬ್ಬ ಫೋನಲ್ಲಿ ಕೇಳಿ ಹೇಳಿದ್ದಕ್ಕೂ, ಅಪ್ಪನನ್ನು ನೋಡಿದ ಡಾಕ್ಟರು ಎದುರಿಗೆ ಕೂರಿಸಿಕೊಂಡು ಹೇಳೋದಕ್ಕೂ ವ್ಯತ್ಯಾಸ ಇಲ್ಲವಾ? ಅವತ್ತು ಯಾರಾದರೂ ಆ ಹಾಳೆ ತೋರಿಸಿ "ನೋಡಪ್ಪ, ಗಡ್ಡೆ ಸಣ್ಣದೇ, ಆದರೆ ಉಳಿದ ಲಿವರ್ ಕಲ್ಲಾಗಿದೆ" ಅಂತ ಹತ್ತು ನಿಮಿಷ ಹೇಳಿದ್ದರೆ ಈ ಹೊರೆ ಅವನ ತಲೆ ಮೇಲೆ ಇರ್ತಿರಲಿಲ್ಲ. ಪರೀಕ್ಷೆಗೆ ಹತ್ತು ನಿಮಿಷ ಕೊಟ್ಟವರು ಅದರ ಉತ್ತರ ಹೇಳೋಕೂ ಹತ್ತು ನಿಮಿಷ ಕೊಡಬೇಕು ಅನ್ನೋದೇ ನನ್ನ ವಾದ.

ಇದಕ್ಕೆ ಬರೋ ಉತ್ತರಗಳು ನನಗೆ ಗೊತ್ತು. ಒಂದು, ನಂಬರ್ ಹೇಳಿದರೆ ರೋಗಿ ಹೆದರ್ತಾನೆ. ಅಲ್ಲಾ ಸ್ವಾಮಿ, ಕ್ಯಾನ್ಸರ್ ಅಂತ ಕೇಳಿ ಆಗಲೇ ಹೆದರಿದವನಿಗೆ ಹೊಸದಾಗಿ ಹೆದರೋಕೆ ಏನುಳಿದಿದೆ? ಕಾರಣ ಗೊತ್ತಿಲ್ಲದ "ಆಗಲ್ಲ" ಅನ್ನೋ ಮಾತು ಕಾರಣ ಗೊತ್ತಿರೋ "ಆಗಲ್ಲ"ಗಿಂತ ಹೆಚ್ಚು ಸುಡುತ್ತೆ. ಎರಡು, ಒಂದೊಂದು ಓ.ಪಿ.ಡಿ.ಯಲ್ಲಿ ನೂರಾರು ಜನ, ಡಾಕ್ಟರಿಗೆ ಟೈಮೆಲ್ಲಿ? ಇದು ಸುಳ್ಳಲ್ಲ. ಆದರೆ ಎಲ್ಲವನ್ನೂ ಸರ್ಜನ್ನೇ ಹೇಳಬೇಕು ಅಂತಿಲ್ಲ. ತರಬೇತಿ ಆದ ನರ್ಸು, ಸಮಾಜ ಕಾರ್ಯಕರ್ತರು ಹೇಳಬಹುದು. ರೋಗಿಯ ಭಾಷೆಯಲ್ಲಿ ಒಂದು ಪುಟ ಬರೆದಿಟ್ಟರೂ ಸಾಕು. ಮುಂಬೈ, ಪುಣೆಯ ಆಸ್ಪತ್ರೆಗಳಿಗೆ ಇಷ್ಟು ಕನ್ನಡಿಗರು ಬರ್ತಾರೆ, ಕನ್ನಡದಲ್ಲಿ ಆ ಒಂದು ಪುಟ ಬರೆದುಕೊಡೋಕೆ ನಮ್ಮ ಕನ್ನಡ ಸಂಘಗಳಿಗೆ ಆಗಲ್ಲವಾ? ರಾಜ್ಯೋತ್ಸವದ ಆರ್ಕೆಸ್ಟ್ರಾ ಖರ್ಚಿನಲ್ಲಿ ಹತ್ತನೇ ಒಂದು ಪಾಲು ಸಾಕು.

ಮೂರನೆಯ ಉತ್ತರಕ್ಕೆ ತೂಕ ಇದೆ: ಈ ಸಂಖ್ಯೆಯನ್ನು ನಂಬೋದು ಹೇಗೆ? ನಂಬೋಕೂ ಒಂದು ಮಿತಿ ಇದೆ, ಒಪ್ತೀನಿ. ಊಟ ಮಾಡಿ ಹೋದರೆ ಸಂಖ್ಯೆ ಏರುತ್ತೆ, ಅದಕ್ಕೇ ಮೂರು ಗಂಟೆಯಾದರೂ ಖಾಲಿ ಹೊಟ್ಟೆ ಇರಬೇಕು ಅಂತಾರೆ. ಕಾಮಾಲೆ ಇದ್ದರೆ, ಹೆಪಟೈಟಿಸ್ ಉಲ್ಬಣಿಸಿದ್ದರೆ, ಹೃದಯದ ತೊಂದರೆಯಿಂದ ಲಿವರಿನಲ್ಲಿ ರಕ್ತ ಕಟ್ಟಿಕೊಂಡಿದ್ದರೆ ನಾರು ಕಮ್ಮಿಯಿದ್ದರೂ ಗಡಸು ಅಂತ ತೋರಿಸುತ್ತೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಫೈಬ್ರೋಸ್ಕ್ಯಾನಿನ ಅಲೆ ಒಳಗೇ ಹೋಗಲ್ಲ. ಅಳತೆ ತಗೊಳ್ಳೋದು ಗಡ್ಡೆಯಿಂದ ದೂರ ಇರೋ ಜಾಗದಲ್ಲಿ ಆಗಬೇಕು, ಯಾಕಂದ್ರೆ ಗಡ್ಡೆಯೇ ಸುತ್ತಲಿನದಕ್ಕಿಂತ ಗಡಸಾಗಿರಬಹುದು. ಹತ್ತು ಅಳತೆಗಳು ಒಂದಕ್ಕೊಂದು ಹತ್ತಿರ ಇವೆಯಾ ಅನ್ನೋದನ್ನೂ ರಿಪೋರ್ಟಿನಲ್ಲಿ ಬರೆದಿರ್ತಾರೆ. ಆ ವ್ಯತ್ಯಾಸ 30 ಶೇಕಡಾ ದಾಟಿದರೆ ಸಂಖ್ಯೆಗೆ ಬೆಲೆ ಕಮ್ಮಿ. ಇನ್ನೊಂದು ಮಾತು: ಗಡಸುತನ ನೋಡಿ ಇದು ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಹೇಳೋಕಾಗಲ್ಲ. ಅದಕ್ಕೆ ಬಣ್ಣದ ಔಷಧಿ ಚುಚ್ಚಿ ತೆಗೆಯೋ ಸಿ.ಟಿ. ಅಥವಾ ಎಂ.ಆರ್.ಐ. ಬೇಕು, ಕೆಲವರಲ್ಲಿ ಬಯಾಪ್ಸಿ ಬೇಕು.

ಆಪರೇಷನ್ ವಿಷಯದಲ್ಲೂ ಹಾಗೇ. ಇಟಲಿಯ ಬೊಲೋನಾದಲ್ಲಿ ಲಿವರ್ ಕ್ಯಾನ್ಸರಿಗೆ ಆಪರೇಷನ್ ಆದ 90 ಜನರನ್ನು ನೋಡಿ 2012ರಲ್ಲಿ ಒಂದು ಅಧ್ಯಯನ ಪ್ರಕಟವಾಯ್ತು. ಅವರು ಗೆರೆ ಎಳೆದದ್ದು 15.7 ಕಿಲೋಪಾಸ್ಕಲ್‌ಗೆ. ಅದಕ್ಕಿಂತ ಕೆಳಗಿದ್ದವರಲ್ಲಿ ಆಪರೇಷನ್ ನಂತರ ಲಿವರ್ ಕೈಕೊಟ್ಟಿದ್ದು ಬಲು ಅಪರೂಪ. ಮೇಲಿದ್ದವರಲ್ಲಿ ಎಷ್ಟೋ ಜನರಿಗೆ ಕೈಕೊಟ್ಟಿತು, ಆದರೆ ಎಲ್ಲರಿಗೂ ಅಲ್ಲ. ಬೇರೆ ದೇಶದ ಬೇರೆ ತಂಡಗಳು ಬೇರೆ ಗೆರೆ ಎಳೆದಿವೆ. ಹಾಗಾಗಿ ಕಮ್ಮಿ ಸಂಖ್ಯೆ ಧೈರ್ಯ ಕೊಡುತ್ತೆ, ಹೆಚ್ಚು ಸಂಖ್ಯೆ "ನಿಲ್ಲಿ, ಇನ್ನೊಂದಿಷ್ಟು ನೋಡೋಣ" ಅನ್ನುತ್ತೆ. ಅದೊಂದರ ಮೇಲೆ ಆಪರೇಷನ್ ಬೇಡ ಅನ್ನೋದು ತಪ್ಪು, ಅದನ್ನು ನೋಡದೆಯೇ ಕತ್ತಿ ಹಿಡಿಯೋದೂ ತಪ್ಪು.

ಯಾಕೆ ನೋಡಲೇಬೇಕು ಅಂತೀನಿ ಅಂದ್ರೆ, ಹಳೇ ಲೆಕ್ಕದಲ್ಲಿ ಒಂದು ಕಿಂಡಿ ಇದೆ. ಲಿವರಿನ ಶಕ್ತಿ ಅಳೆಯೋಕೆ ಚೈಲ್ಡ್-ಪ್ಯೂ ಅನ್ನೋ ಲೆಕ್ಕ ಎಷ್ಟೋ ವರ್ಷದಿಂದ ಇದೆ. ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟೋ ಸಮಯ, ಹೊಟ್ಟೆಯ ನೀರು, ಮಂಪರು, ಈ ಐದನ್ನು ನೋಡಿ ಎ, ಬಿ, ಸಿ ಅಂತ ದರ್ಜೆ ಕೊಡ್ತಾರೆ. ಆಪರೇಷನ್ ಟೇಬಲ್ಲಿಗೆ ಹೋಗೋರು ಬಹುತೇಕ ಎ ದರ್ಜೆಯವರೇ. ಆದರೆ ಎಲ್ಲಾ ಎ ಒಂದೇ ಅಲ್ಲ. ರಕ್ತಪರೀಕ್ಷೆ ಮಾಮೂಲಾಗಿದ್ದು ಒಳಗೆ 8 ಕಿಲೋಪಾಸ್ಕಲ್ ಇರೋನೂ ಎ, 24 ಇರೋನೂ ಎ ಆಗಬಹುದು. ಈ ಇಬ್ಬರನ್ನು ಬೇರೆ ಮಾಡೋದರಲ್ಲೇ ಗಡಸುತನದ ಅಳತೆ ಕೆಲಸಕ್ಕೆ ಬರೋದು. ಅದರ ಜೊತೆಗೆ ಸಿ.ಟಿ.ಯಲ್ಲಿ ಉಳಿಯೋ ಲಿವರಿನ ಗಾತ್ರದ ಲೆಕ್ಕ, ಪ್ಲೇಟ್‌ಲೆಟ್, ಎಂಡೋಸ್ಕೋಪಿ, ಬೇಕಾದರೆ ಕುತ್ತಿಗೆಯ ರಕ್ತನಾಳದ ಮೂಲಕ ತೂರಿಸಿ ಒತ್ತಡ ಅಳೆಯೋ ಪರೀಕ್ಷೆ. ಇವೆಲ್ಲಾ ಸೇರಿ ಚಿತ್ರ ಪೂರ್ತಿಯಾಗುತ್ತೆ.

ವಿಚಿತ್ರ ನೋಡಿ. ಇದೇ ಫೈಬ್ರೋಸ್ಕ್ಯಾನ್ ಇವತ್ತು ಸೊಸೈಟಿಗಳಲ್ಲಿ, ಕ್ಲಬ್ಬುಗಳಲ್ಲಿ ಉಚಿತ ಕ್ಯಾಂಪ್ ಅಂತ ನಡೆಯುತ್ತೆ, ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಸೇರಿರುತ್ತೆ. ಜನ ವಾಟ್ಸಾಪಿನಲ್ಲಿ "ನನ್ನದು 5.2, ನಿನ್ನದೆಷ್ಟು" ಅಂತ ಕ್ರಿಕೆಟ್ ಸ್ಕೋರಿನ ಹಾಗೆ ಹಂಚಿಕೊಳ್ತಾರೆ. ತಪ್ಪೇನಿಲ್ಲ, ಸಕ್ಕರೆ ಕಾಯಿಲೆ, ಬೊಜ್ಜು ಇರೋರು ನೋಡಿಸಿಕೊಳ್ಳೋದು ಒಳ್ಳೇದೇ. ಆದರೆ ಆರೋಗ್ಯವಂತನಿಗೆ ಅವನ ಸಂಖ್ಯೆ ಬಾಯಿಪಾಠ, ಆಪರೇಷನ್ನಿನ ಬಾಗಿಲಲ್ಲಿ ನಿಂತ ರೈತನಿಗೆ ಅವನ ಸಂಖ್ಯೆಯ ಅರ್ಥವೇ ಗೊತ್ತಿಲ್ಲ. ಇದು ಸರಿಯಾ?

ಆದ್ದರಿಂದ ಊರಿಂದ ಫೈಲು ಹಿಡಿದು ಬರುವವರ ಜೊತೆ ಆಸ್ಪತ್ರೆಗೆ ಹೋಗೋ ನನ್ನಂಥವರಿಗೆ ಒಂದು ವಿನಂತಿ. ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಗಡ್ಡೆ ಬಿಟ್ಟು ಉಳಿದ ಲಿವರ್ ಹೇಗಿದೆ? ಗಡಸುತನ ಅಳೆದಿದ್ದೀರಾ, ಯಾವ ವಿಧಾನದಲ್ಲಿ, ಎಷ್ಟು ಬಂತು? ಆ ದಿನ ಕಾಮಾಲೆ, ಊಟ ಇತ್ಯಾದಿಯಿಂದ ಸಂಖ್ಯೆ ಏರಿರೋ ಸಾಧ್ಯತೆ ಇದೆಯಾ? ಆಪರೇಷನ್ ಮಾಡಿದರೆ ಎಷ್ಟು ಶೇಕಡಾ ಲಿವರ್ ಉಳಿಯುತ್ತೆ, ಅದು ಇವರಿಗೆ ಸಾಕಾ? ಸಾಲದಿದ್ದರೆ ಒಂದು ಕಡೆಯ ರಕ್ತ ನಿಲ್ಲಿಸಿ ಇನ್ನೊಂದು ಕಡೆ ಬೆಳೆಸೋಕೆ ಆಗುತ್ತಾ? ಆಪರೇಷನ್ ಬೇಡ ಅಂದ್ರೆ ಸುಡೋ ಚಿಕಿತ್ಸೆ, ಟೇಸ್, ಔಷಧಿ, ಲಿವರ್ ಕಸಿ ಇವುಗಳಲ್ಲಿ ಯಾವುದು, ಯಾಕೆ? ಕಸಿಯ ಮಾತು ಯಾಕೆ ಕೇಳಬೇಕು ಅಂದ್ರೆ, ಗಡ್ಡೆ ಒಂದೇ ಇದ್ದು 5 ಸೆಂಟಿಮೀಟರ್ ಒಳಗಿದ್ದರೆ, ಅಥವಾ 3 ಸೆಂಟಿಮೀಟರ್ ಒಳಗಿನ ಮೂರರವರೆಗೆ ಇದ್ದರೆ ಕಸಿ ಒಳ್ಳೆ ಫಲ ಕೊಡುತ್ತೆ ಅಂತ 1996ರಲ್ಲೇ ಮಿಲಾನಿನ ಡಾಕ್ಟರುಗಳು ತೋರಿಸಿದ್ದಾರೆ. ಗಡ್ಡೆಯ ಜೊತೆ ಕಲ್ಲಾದ ಲಿವರೂ ಹೋಗೋದು ಅದರಲ್ಲೇ. ದುಡ್ಡು, ದಾನಿ ಎರಡೂ ದೊಡ್ಡ ತೊಡಕು, ನಿಜ. ಆದರೂ ಕೇಳಿ ತಿಳಿದು ಬಿಡೋದಕ್ಕೂ, ಕೇಳದೇ ಬಿಡೋದಕ್ಕೂ ವ್ಯತ್ಯಾಸ ಇದೆ.

ಹೆಪಟೈಟಿಸ್ ಬಿ ಲಸಿಕೆ 2011ರ ಹೊತ್ತಿಗೆ ದೇಶದ ಎಲ್ಲಾ ಮಕ್ಕಳ ಲಸಿಕೆ ಪಟ್ಟಿಗೆ ಸೇರಿತು. ನಮ್ಮ, ನಮ್ಮ ಅಪ್ಪಂದಿರ ತಲೆಮಾರಿಗೆ ಆ ಭಾಗ್ಯ ಇರಲಿಲ್ಲ. 2018ರಲ್ಲಿ ಶುರುವಾದ ಸರ್ಕಾರದ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ, ಔಷಧಿ ಉಚಿತ. ಮನೆಯಲ್ಲಿ ಒಬ್ಬರಿಗೆ ಬಿ ಇದ್ದರೆ ಎಲ್ಲರೂ ಒಮ್ಮೆ ರಕ್ತ ತೋರಿಸಿಕೊಳ್ಳಿ. ಷಡ್ಡಕರ ಅಣ್ಣನ ಮಗನಿಗೆ ಆಸ್ತಿ ಮಾರಲಿಲ್ಲ ಅನ್ನೋ ಕೊರಗು ಬಿಡಿಸೋಕೆ ನನ್ನಿಂದಾಗಲಿಲ್ಲ, ಆದರೆ ಈ ಒಂದು ಮಾತು ಅವನು ಕೇಳಿದ. ಅವನಿಗೂ ಅವನ ತಂಗಿಗೂ ಪರೀಕ್ಷೆ ಆಯ್ತು. ತಂಗಿಗೆ ಬಿ ಇದೆ. ಗಡಸುತನ 6ರ ಒಳಗೇ ಇದೆ, ಆರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರ್ತಾಳೆ.

ನಿಮ್ಮ ಊರಿನ ಆಸ್ಪತ್ರೆಗಳಲ್ಲಿ ಇದನ್ನೆಲ್ಲಾ ಕೂರಿಸಿಕೊಂಡು ಹೇಳೋ ಪದ್ಧತಿ ಇದೆಯಾ? ಇದ್ದರೆ ತಿಳಿಸಿ. ಇಲ್ಲಿಯ ಸಂಘದವರಿಗೆ ತೋರಿಸೋಕೆ ನನಗೊಂದು ಉದಾಹರಣೆ ಬೇಕಾಗಿದೆ.